ಬೆಳಿಗ್ಗೆ ಟ್ರೇಡರ್, ಸಂಜೆ ಮೇಷ್ಟ್ರು: ಕೊಡಗಿನಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಕುಶಾಲನಗರದಲ್ಲಿ ಮಹಡಿ ಮೇಲಿನ ಒಂದು ಬಾಡಿಗೆ ಕೋಣೆಯಲ್ಲಿ ನಾನು ಷೇರು ಪೇಟೆಯ ಪಾಠ ಹೇಳುತ್ತೇನೆ. ಪೇಟೆ ತೆರೆದಿರುವ ಹೊತ್ತಿನಲ್ಲಿ ನನ್ನ ಸ್ವಂತ ದುಡ್ಡಿನಲ್ಲಿ ಟ್ರೇಡ್ ಮಾಡುತ್ತೇನೆ. ಸುಂಟಿಕೊಪ್ಪದ ಹತ್ತಿರ ಆರು ಎಕರೆ ರೋಬಸ್ಟಾ ತೋಟವೂ ಇದೆ. ಮದುವೆ ಮನೆ, ಪೆಟ್ರೋಲ್ ಬಂಕ್, ಕಾಫಿ ವ್ಯಾಪಾರಿಯ ಅಂಗಡಿ, ಎಲ್ಲಿ ಸಿಕ್ಕರೂ ಜನ ಅದೇ ಹತ್ತು ಹದಿನೈದು ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ನಿಂತು ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ನೀವು ನಿಜವಾಗಿಯೂ ಟ್ರೇಡ್ ಮಾಡುತ್ತೀರಾ, ಇಲ್ಲಾ ಬರೀ ಪಾಠನಾ?

ಎರಡೂ. ಸ್ವಂತ ದುಡ್ಡು ಹಾಕದೆ ಕಲಿಸಬಹುದು, ಕೆಲವರು ಚೆನ್ನಾಗಿಯೇ ಕಲಿಸುತ್ತಾರೆ. ಬ್ಯಾಲೆನ್ಸ್ ಶೀಟ್ ಓದುವುದನ್ನು ಹೇಳಿಕೊಡಲು ಟ್ರೇಡರ್ ಆಗಿರಬೇಕಿಲ್ಲ. ಆದರೆ ಟ್ರೇಡಿಂಗನ್ನೇ ಕಲಿಸುವವನಿಗೆ ಕೆಲವು ವಿಷಯ ಕೈ ಸುಟ್ಟ ಮೇಲೇ ಗೊತ್ತಾಗುವುದು.

ಒಂದು ಉದಾಹರಣೆ. ಕಾಗದದ ಮೇಲೆ ಸ್ಟಾಪ್‌ಲಾಸ್ (ನಷ್ಟ ನಿಲ್ಲಿಸಲು ಮಾರಿ ಹೊರಬರುವ ಬೆಲೆ) 408 ಅಂತ ಬರೆದರೆ ಅದು 408. ಪೇಟೆ ಜೋರಾಗಿ ಬೀಳುವಾಗ ನಿಮ್ಮ ಷೇರು ಮಾರಾಟವಾಗುವುದು 405ಕ್ಕೆ. ಇದಕ್ಕೆ ಸ್ಲಿಪೇಜ್ ಅನ್ನುತ್ತಾರೆ. ಕಾಫಿ ಬೆಳೆಗಾರರಿಗೆ ಇದನ್ನು ವಿವರಿಸುವುದೇ ಬೇಡ. ಫೋನಿಗೆ ಬೆಳಿಗ್ಗೆ ಬಂದ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ದರ ಒಂದು. ವ್ಯಾಪಾರಿ ಕಣಕ್ಕೆ ಬಂದು, ಸ್ಯಾಂಪಲ್ ತೆಗೆದು, ತೇವ ನೋಡಿ, ಓಟಿ (50 ಕೆ.ಜಿ. ಚೆರಿಯಲ್ಲಿ ಸಿಗುವ ಬೀಜದ ತೂಕ) ಹಾಕಿದ ಮೇಲೆ ಕೈಗೆ ಬರುವುದು ಇನ್ನೊಂದು. ಅಲ್ವಾ?

ಹಾಗಾದರೆ ಮನೆ ನಡೆಯುವುದು ಯಾವುದರಿಂದ?

ಈ ಪ್ರಶ್ನೆ ಕೇಳುವವರು ಕಡಿಮೆ. ಕೇಳಿದವರನ್ನು ಕಂಡರೆ ನನಗೆ ಗೌರವ.

ನನ್ನ ಬಳಿ ಮೂರು ಲೆಕ್ಕದ ಪುಸ್ತಕ ಇವೆ. ಒಂದು ಫೀಸಿನದು, ಒಂದು ಟ್ರೇಡಿಂಗಿನದು, ಒಂದು ತೋಟದ್ದು. ಮೂರನ್ನೂ ಬೆರೆಸುವುದಿಲ್ಲ. ಹಾಲು, ದಿನಸಿ, ಮಕ್ಕಳ ಶಾಲೆ, ಕೋಣೆಯ ಬಾಡಿಗೆ ಎಲ್ಲಾ ಹೋಗುವುದು ಫೀಸಿನ ಪುಸ್ತಕದಿಂದ. ಹಿಂದಿನ ಐದು ವರ್ಷದಲ್ಲಿ ಟ್ರೇಡಿಂಗ್ ಪುಸ್ತಕ ಮೂರು ವರ್ಷ ಲಾಭ ತೋರಿಸಿದೆ, ಒಂದು ವರ್ಷ ಅಲ್ಲಿಂದಲ್ಲಿಗೆ, ಒಂದು ವರ್ಷ ನಷ್ಟ. ಫೀಸಿನ ಪುಸ್ತಕದಲ್ಲಿ ನಷ್ಟದ ವರ್ಷ ಅನ್ನುವುದೇ ಇಲ್ಲ. ಹೀಗಿರುವಾಗ 'ನಾನು ಟ್ರೇಡಿಂಗಿನಿಂದ ಬದುಕುತ್ತೇನೆ' ಅಂತ ಬೋರ್ಡ್ ಹಾಕಿಕೊಂಡರೆ ಅದು ಸುಳ್ಳು.

ಈ ವೃತ್ತಿಯ ಒಳಗುಟ್ಟು ಇಷ್ಟೇ. ಕಲಿಸುವವರಲ್ಲಿ ತುಂಬಾ ಜನಕ್ಕೆ ಸಂಬಳ ಬರುವುದು ವಿದ್ಯಾರ್ಥಿಗಳಿಂದ, ಪೇಟೆಯಿಂದಲ್ಲ. ಅದರಲ್ಲಿ ಅವಮಾನ ಏನೂ ಇಲ್ಲ, ಗಣಿತದ ಮೇಷ್ಟ್ರೂ ಪಾಠದಿಂದಲೇ ಬದುಕುವುದು. ಮುಚ್ಚಿಟ್ಟಾಗ ಮಾತ್ರ ಮೋಸ ಶುರುವಾಗುತ್ತದೆ. ಯಾವ ತರಗತಿಗೆ ಸೇರುವ ಮುಂಚೆಯೂ ಮೇಷ್ಟ್ರನ್ನು ಇದೇ ಪ್ರಶ್ನೆ ಕೇಳಿ: 'ಸರ್, ಹೋದ ವರ್ಷ ನಿಮಗೆ ಜಾಸ್ತಿ ಬಂದದ್ದು ಫೀಸಿನಿಂದಲೋ, ಟ್ರೇಡಿಂಗಿನಿಂದಲೋ?' ಉತ್ತರ ಕೇಳುವಾಗ ಅವರ ಮುಖವನ್ನೂ ನೋಡಿ.

ಈ ಕೆಲಸಕ್ಕೆ ಹೇಗೆ ಬಂದಿರಿ?

ಬಿ.ಕಾಂ. ಮುಗಿಸಿ ಮೈಸೂರಿನ ಒಂದು ಬ್ರೋಕರ್ ಕಚೇರಿಯಲ್ಲಿ ಡೀಲರ್ ಆಗಿ ಸೇರಿದೆ. ಫೋನ್‌ನಲ್ಲಿ ಗಿರಾಕಿ ಹೇಳಿದ ಆರ್ಡರನ್ನು ಕಂಪ್ಯೂಟರ್‌ಗೆ ಹಾಕುವ ಕೆಲಸ. ಸೇರಿ ಕೆಲವೇ ತಿಂಗಳಿಗೆ 2008ರ ಜನವರಿ ಬಂತು. ಜನವರಿ 21ರಂದು ಸೆನ್ಸೆಕ್ಸ್ ಒಂದೇ ದಿನ 1,400ಕ್ಕೂ ಹೆಚ್ಚು ಅಂಶ ಬಿತ್ತು. ಮರುದಿನ ಬೆಳಿಗ್ಗೆ ತೆರೆದ ಕೂಡಲೇ ಲೋವರ್ ಸರ್ಕ್ಯೂಟ್, ಅಂದರೆ ಕುಸಿತಕ್ಕೆ ಹಾಕಿದ ಮಿತಿ, ತಾಗಿ ಒಂದು ಗಂಟೆ ವಹಿವಾಟೇ ನಿಂತಿತು.

ಆ ಒಂದು ಗಂಟೆ ನನಗೆ ಇನ್ನೂ ನೆನಪಿದೆ. ಸ್ಕ್ರೀನ್ ಅಲುಗಾಡುತ್ತಿಲ್ಲ. ಮೂರು ಫೋನೂ ಒಟ್ಟಿಗೆ ಬಡಿದುಕೊಳ್ಳುತ್ತಿವೆ. ಒಬ್ಬರು ನಿವೃತ್ತ ಬ್ಯಾಂಕ್ ನೌಕರರು ಕಚೇರಿಗೇ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. ಏನೂ ಮಾತಾಡಲಿಲ್ಲ. ಟೀ ತರಿಸಿದೆ, ಕುಡಿಯಲಿಲ್ಲ. ಅವರು ತೆಗೆದುಕೊಂಡಿದ್ದು ಮಾರ್ಜಿನ್ ಮೇಲೆ, ಅಂದರೆ ಸಾಲದ ದುಡ್ಡಿನಲ್ಲಿ. ಮಾರ್ಜಿನ್ ಅಂದರೆ ಏನು ಅಂತ ಅವರಿಗೆ ಯಾರೂ ಸರಿಯಾಗಿ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ, ಬ್ರೋಕರೇಜ್ ಬರುತ್ತಿತ್ತಲ್ಲ.

2012ರಲ್ಲಿ ಅಪ್ಪನಿಗೆ ಹುಷಾರಿಲ್ಲದೆ ಊರಿಗೆ ಬಂದೆ. ತೋಟ ನೋಡಿಕೊಳ್ಳುತ್ತಾ, ಪರಿಚಯದವರ ಮಕ್ಕಳು ನಾಲ್ಕು ಜನಕ್ಕೆ ಮನೆಯ ಜಗಲಿಯಲ್ಲಿ ಹೇಳಿಕೊಟ್ಟೆ. ಮೊದಲ ಪಾಠ ಮಾರ್ಜಿನ್ ಬಗ್ಗೆಯೇ.

ನಿಮ್ಮ ದಿನ ಹೇಗಿರುತ್ತದೆ?

ಬೇಜಾರಾಗುವಷ್ಟು ಒಂದೇ ಥರ. ಆರೂವರೆಗೆ ತೋಟಕ್ಕೆ ಒಂದು ಸುತ್ತು. ಎಂಟು ಗಂಟೆಗೆ ರೈಟರ್ ಬಂದು ಆಳುಗಳ ಲೆಕ್ಕ ಹೇಳುತ್ತಾರೆ. ಒಂಬತ್ತಕ್ಕೆ ಪ್ರೀ ಓಪನ್, 9:15ಕ್ಕೆ ಪೇಟೆ ಶುರು. ಮೊದಲ ಅರ್ಧ ಗಂಟೆ ನಾನು ಏನೂ ಮಾಡುವುದಿಲ್ಲ, ಸುಮ್ನೆ ನೋಡುತ್ತೇನೆ. ನನ್ನದು ಹೆಚ್ಚಾಗಿ ಕೆಲವು ದಿನದಿಂದ ಕೆಲವು ವಾರ ಹಿಡಿದಿಡುವ ಟ್ರೇಡ್. ಹಾಗಾಗಿ ತುಂಬಾ ದಿನ ಒಂದು ಆರ್ಡರ್ ಕೂಡ ಹಾಕಿರುವುದಿಲ್ಲ. 3:30ಕ್ಕೆ ಪೇಟೆ ಮುಚ್ಚಿದ ಮೇಲೆ ಡೈರಿ. ಐದೂವರೆಗೆ ತರಗತಿ.

ಡೈರಿ ಬಗ್ಗೆ ಎರಡು ಮಾತು. ತೋಟದಲ್ಲಿ ಚೆಕ್‌ರೋಲ್ ಇಲ್ಲದೆ ಯಾರೂ ಕೆಲಸ ನಡೆಸುವುದಿಲ್ಲ. ಯಾರು ಬಂದರು, ಯಾವ ಪಟ್ಟೆಯಲ್ಲಿ ಏನು ಕೆಲಸ, ಎಷ್ಟು ಕೂಲಿ, ಎಲ್ಲ ಅದರಲ್ಲಿ. ನನ್ನ ಟ್ರೇಡಿಂಗ್ ಡೈರಿಯೂ ಹಾಗೇ: ಯಾಕೆ ಕೊಂಡೆ, ಎಲ್ಲಿ ಬಿಡಬೇಕೆಂದಿದ್ದೆ, ನಿಜವಾಗಿ ಎಲ್ಲಿ ಬಿಟ್ಟೆ. ಮೂರನೇ ಕಾಲಂ ಓದುವಾಗ ನಾಚಿಕೆಯಾಗುವ ದಿನಗಳು ಬೇಕಾದಷ್ಟಿವೆ.

ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹೇಗೆ ಮಾಡುತ್ತೀರಿ?

ಇದಕ್ಕೆ ನಾನು 41,000 ರೂಪಾಯಿ ಕೊಟ್ಟು ಉತ್ತರ ಕಲಿತಿದ್ದೇನೆ.

ಒಂದು ಜುಲೈ. ಮೂರು ದಿನದಿಂದ ಬಿಡದೆ ಮಳೆ. ಆಗ ನಾನು ಇಂಟ್ರಾಡೇ ಮಾಡುತ್ತಿದ್ದೆ, ಅಂದರೆ ಅವತ್ತೇ ಕೊಂಡು ಅವತ್ತೇ ಮಾರುವುದು. ಹನ್ನೊಂದು ಗಂಟೆಗೆ ದೊಡ್ಡದೊಂದು ಪೊಸಿಷನ್ ತೆಗೆದುಕೊಂಡೆ. ಸ್ಟಾಪ್‌ಲಾಸ್ ತಲೆಯಲ್ಲಿತ್ತು, ಸಿಸ್ಟಮ್‌ಗೆ ಹಾಕಿರಲಿಲ್ಲ. ಹನ್ನೆರಡರ ಹೊತ್ತಿಗೆ ರಸ್ತೆ ಬದಿಯ ಸಿಲ್ವರ್ ಓಕ್ ಲೈನ್ ಮೇಲೆ ಬಿತ್ತು. ಇನ್ವರ್ಟರ್ ಹಿಂದಿನ ರಾತ್ರಿಯೇ ಖಾಲಿ. ಮೊಬೈಲಿನಲ್ಲಿ ನೋಡೋಣ ಅಂದರೆ ಟವರೂ ಸತ್ತಿತು. ಜೀಪ್ ತೆಗೆದುಕೊಂಡು ಸಿಗ್ನಲ್ ಸಿಗುವ ತಿರುವಿಗೆ ಹೊರಟೆ. ದಾರಿಯಲ್ಲಿ ಮಣ್ಣು ಜರಿದಿತ್ತು. ಹಿಂದೆ ಬಂದು ಸುತ್ತು ಹಾಕಿ ಅಲ್ಲಿಗೆ ತಲುಪಿದಾಗ ಎರಡು ಮುಕ್ಕಾಲು. ಫೋನ್ ಗಾಜಿನ ಮೇಲೆ ಮಳೆ ಹನಿ ಬಿದ್ದು ಬೆರಳೇ ಹಿಡಿಯುತ್ತಿಲ್ಲ. ಅಂಗಿಯ ತುದಿಯಲ್ಲಿ ಒರೆಸಿ ಒರೆಸಿ ಮಾರಿದೆ.

ಸ್ಟಾಪ್‌ಲಾಸ್ ಆರ್ಡರ್ ಹಾಕಿದ್ದರೆ ನಷ್ಟ 9,000ದಲ್ಲಿ ನಿಲ್ಲುತ್ತಿತ್ತು. ಯಾಕೆಂದರೆ ಅಂಥ ಆರ್ಡರ್ ಇರುವುದು ಪೇಟೆಯ ಕಂಪ್ಯೂಟರ್‌ನಲ್ಲಿ, ನಮ್ಮ ಮನೆಯಲ್ಲಲ್ಲ. ನಮ್ಮ ಮನೆ ಕತ್ತಲಾದರೂ ಅದು ಕೆಲಸ ಮಾಡುತ್ತದೆ.

ಈಗಿನ ವ್ಯವಸ್ಥೆ: ಎರಡು ಬೇರೆ ಬೇರೆ ಕಂಪನಿಯ ಸಿಮ್, ಒಂದು ಫೈಬರ್ ಲೈನ್, ಎರಡು ಬ್ಯಾಟರಿಯ ಇನ್ವರ್ಟರ್. ಬ್ರೋಕರ್‌ನ ಡೀಲಿಂಗ್ ಫೋನ್ ನಂಬರ್ ಕಾಗದದ ಮೇಲೆ ಬರೆದು ಗೋಡೆಗೆ ಅಂಟಿಸಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಟ್ರಾಡೇ ಪೂರ್ತಿ ಬಂದ್. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಳೆ, ಭೂಕುಸಿತ ನೋಡಿದವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ.

ಎಷ್ಟು ಬಂಡವಾಳ ಇದ್ದರೆ ಟ್ರೇಡಿಂಗನ್ನೇ ನಂಬಿ ಬದುಕಬಹುದು?

ನಿಮ್ಮ ಮನೆ ಖರ್ಚು ತಿಂಗಳಿಗೆ 40,000 ಅಂತಿಟ್ಟುಕೊಳ್ಳಿ. ವರ್ಷಕ್ಕೆ 4.8 ಲಕ್ಷ. ಖರ್ಚೆಲ್ಲ ಕಳೆದು ವರ್ಷಕ್ಕೆ ಶೇ 15 ಗಳಿಸುತ್ತೀರಿ ಅಂದುಕೊಂಡರೂ 32 ಲಕ್ಷ ಬಂಡವಾಳ ಬೇಕು. ಶೇ 15 ಪ್ರತಿ ವರ್ಷ ಬರುವುದು ಸುಲಭವಲ್ಲ. ಜೊತೆಗೆ ನಷ್ಟದ ವರ್ಷದಲ್ಲಿ ತಿನ್ನಲು ಒಂದು ವರ್ಷದ ಖರ್ಚು ಬೇರೆ ತೆಗೆದಿಡಬೇಕು.

50,000 ಹಾಕಿ ತಿಂಗಳಿಗೆ 20,000 ತೆಗೆಯುತ್ತೇನೆ ಅನ್ನುವ ಹುಡುಗರು ಪ್ರತಿ ಬ್ಯಾಚ್‌ನಲ್ಲೂ ಬರುತ್ತಾರೆ. ಅವರ ಎದುರು ಒಂದು ಸಣ್ಣ ಲೆಕ್ಕ ಬರೆಯುತ್ತೇನೆ. ಒಂದು ಆರ್ಡರ್‌ಗೆ 20 ರೂಪಾಯಿ ಬ್ರೋಕರೇಜ್. ಕೊಳ್ಳಲು 20, ಮಾರಲು 20, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 47 ರೂಪಾಯಿ 20 ಪೈಸೆ. ದಿನಕ್ಕೆ ನಾಲ್ಕು ಟ್ರೇಡ್, ತಿಂಗಳಿಗೆ 20 ದಿನ. 3,776 ರೂಪಾಯಿ ಆಯಿತು. 50,000ಕ್ಕೆ ಅದು ತಿಂಗಳಿಗೆ ಶೇ ಏಳೂವರೆ. ಇನ್ನೂ ಎಸ್‌ಟಿಟಿ (ಷೇರು ವಹಿವಾಟಿನ ಮೇಲಿನ ತೆರಿಗೆ), ಸ್ಟಾಂಪ್ ಶುಲ್ಕ ಸೇರಿಸಿಲ್ಲ. ಅಂದರೆ ಲಾಭ ನಷ್ಟದ ಮಾತು ಬರುವ ಮುಂಚೆಯೇ ಬೇಲಿ ಹೊಲ ಮೇಯ್ದಾಗಿದೆ.

ಒಂದು ಟ್ರೇಡ್‌ನಲ್ಲಿ ಎಷ್ಟು ಹಾಕಬೇಕು?

ಎಷ್ಟು ಹಾಕಬೇಕು ಅಂತ ಕೇಳಬೇಡಿ, ಎಷ್ಟು ಕಳೆದುಕೊಳ್ಳಬಹುದು ಅಂತ ಕೇಳಿ. ನಾನು ಶೇ 1 ಅನ್ನುತ್ತೇನೆ. 3 ಲಕ್ಷ ಬಂಡವಾಳಕ್ಕೆ ಅದು 3,000. ಷೇರಿನ ಬೆಲೆ 420, ಬಿಟ್ಟು ಹೊರಬರುವ ಬೆಲೆ 408. ಒಂದು ಷೇರಿಗೆ 12 ರೂಪಾಯಿ ಅಪಾಯ. 3,000ವನ್ನು 12ರಿಂದ ಭಾಗಿಸಿದರೆ 250 ಷೇರು. ಇಷ್ಟೇ ಗಣಿತ, ಏಳನೇ ಕ್ಲಾಸಿನದು. ಹೀಗೆ ಮಾಡಿದರೆ ಹತ್ತು ಸಲ ಒಂದರ ಹಿಂದೆ ಒಂದು ಸೋತರೂ ಹೋಗುವುದು ಶೇ 10ಕ್ಕಿಂತ ಸ್ವಲ್ಪ ಕಡಿಮೆ. ಅರ್ಧ ಬಂಡವಾಳ ಕಳೆದುಕೊಂಡವರು ಮತ್ತೆ ಮೊದಲಿದ್ದ ಜಾಗಕ್ಕೆ ಬರಲು ಉಳಿದದ್ದನ್ನು ದುಪ್ಪಟ್ಟು ಮಾಡಬೇಕು.

ಆಪ್ಷನ್ ಕಲಿಸುತ್ತೀರಾ?

ಕಲಿಸುತ್ತೇನೆ, ಕೊನೆಯಲ್ಲಿ. ಆಪ್ಷನ್ ಅಂದರೆ ಮುಂದೆ ನಿಗದಿ ಬೆಲೆಗೆ ಕೊಳ್ಳುವ (ಕಾಲ್) ಅಥವಾ ಮಾರುವ (ಪುಟ್) ಹಕ್ಕಿನ ಕಾಂಟ್ರ್ಯಾಕ್ಟ್. ಬಂದ ಮೊದಲ ದಿನವೇ ಕಾಲ್, ಪುಟ್ ಅನ್ನುವವರಿಗೆ ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಅಂಕಿಗಳನ್ನು ಓದಿಸುತ್ತೇನೆ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಒಂದು ಅಧ್ಯಯನ ಹೊರತಂದಿತು. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಷೇರು ಫ್ಯೂಚರ್ಸ್ (ಮುಂದಿನ ದಿನಾಂಕದ ವ್ಯವಹಾರಕ್ಕೆ ಈಗಲೇ ಬೆಲೆ ಗೊತ್ತು ಮಾಡುವ ಒಪ್ಪಂದ) ಮತ್ತು ಆಪ್ಷನ್‌ನಲ್ಲಿ ವಹಿವಾಟು ಮಾಡಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ಶೇ 93 ಮಂದಿ ಕಳೆದುಕೊಂಡರು. ತಲೆಗೆ ಸರಾಸರಿ ಸುಮಾರು 2 ಲಕ್ಷ ರೂಪಾಯಿ. ಒಟ್ಟು 1.8 ಲಕ್ಷ ಕೋಟಿಗೂ ಹೆಚ್ಚು. ಖರ್ಚು ಕಳೆದು ಒಂದು ಲಕ್ಷಕ್ಕಿಂತ ಜಾಸ್ತಿ ಲಾಭ ಮಾಡಿದವರು ಬರೀ ಶೇ 1. 2024-25ಕ್ಕೆ ಮತ್ತೆ ಲೆಕ್ಕ ಹಾಕಿದಾಗಲೂ ಶೇ 91 ಮಂದಿಗೆ ನಷ್ಟ.

ನನಗೆ ಇದಕ್ಕಿಂತ ಚುಚ್ಚಿದ ಅಂಕಿ ಇನ್ನೊಂದಿದೆ. ಸತತ ಎರಡು ವರ್ಷ ನಷ್ಟ ಮಾಡಿದವರಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ಮತ್ತೆ ಮುಂದುವರಿಸಿದರು. ಸೋತವನು ಎದ್ದು ಮನೆಗೆ ಹೋಗುವುದಿಲ್ಲ. ಊರ ಜಾತ್ರೆಯಲ್ಲಿ ಗುಡುಗುಡಿ ಆಡುವವರನ್ನು ನೋಡಿದ್ದೀರಲ್ಲ.

ಅದಾದ ಮೇಲೆ ಸೆಬಿ ನಿಯಮ ಬಿಗಿ ಮಾಡಿತು. 2024ರ ನವೆಂಬರ್ 20ರಿಂದ ಹೊಸ ಸೂಚ್ಯಂಕ ಕಾಂಟ್ರ್ಯಾಕ್ಟ್‌ಗಳ ಗಾತ್ರ ಕನಿಷ್ಠ 15 ಲಕ್ಷ. ಒಂದು ಎಕ್ಸ್‌ಚೇಂಜ್‌ಗೆ ಒಂದೇ ಸೂಚ್ಯಂಕದ ವಾರದ ಎಕ್ಸ್‌ಪೈರಿ (ಕಾಂಟ್ರ್ಯಾಕ್ಟ್ ಮುಗಿಯುವ ದಿನ). ದಿನಕ್ಕೊಂದು ಎಕ್ಸ್‌ಪೈರಿ ಇದ್ದ ಕಾಲದಲ್ಲಿ ಕಾಲೇಜು ಹುಡುಗರು ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಆಡುತ್ತಿದ್ದರು. ನನ್ನ ಅಭಿಪ್ರಾಯದಲ್ಲಿ ಈ ನಿಯಮ ಇನ್ನೂ ಎರಡು ವರ್ಷ ಮೊದಲೇ ಬರಬೇಕಿತ್ತು.

ತರಗತಿಯಲ್ಲಿ ಇವತ್ತಿನ ಚಾರ್ಟ್ ಯಾಕೆ ತೋರಿಸುವುದಿಲ್ಲ? ಒಂದು ಟಿಪ್ ಕೊಟ್ಟರೆ ಏನಾಗುತ್ತದೆ?

ಕಾನೂನು ಬಿಡುವುದಿಲ್ಲ, ನಾನೂ ಕೊಡುವುದಿಲ್ಲ. ಯಾವ ಷೇರು ಕೊಳ್ಳಿ, ಯಾವುದು ಮಾರಿ ಅಂತ ದುಡ್ಡು ತೆಗೆದುಕೊಂಡು ಹೇಳಬೇಕಾದರೆ ಸೆಬಿಯಲ್ಲಿ ನೋಂದಣಿ ಬೇಕು. ಸಂಶೋಧನಾ ವಿಶ್ಲೇಷಕರಿಗೆ 2014ರ ನಿಯಮಾವಳಿ ಇದೆ, ಹೂಡಿಕೆ ಸಲಹೆಗಾರರಿಗೆ 2013ರದು. ನನ್ನದು ಬರೀ ಪಾಠ. ಪಾಠ ಹೇಳುವವರಿಗೂ 2025ರ ಜನವರಿಯ ಸುತ್ತೋಲೆಯಲ್ಲಿ ಸೆಬಿ ಗೆರೆ ಎಳೆಯಿತು: ಹಿಂದಿನ ಮೂರು ತಿಂಗಳ ಬೆಲೆಗಳನ್ನು ಇಟ್ಟುಕೊಂಡು, ಷೇರಿನ ಹೆಸರು ಹೇಳಿ, ಮುಂದೆ ಹೀಗಾಗುತ್ತದೆ ಅನ್ನುವಂತಿಲ್ಲ.

ನಾನು ಅದಕ್ಕಿಂತ ಹಳೆಯದನ್ನೇ ತೋರಿಸುತ್ತೇನೆ. 2020ರ ಮಾರ್ಚ್ 23, ಕೊರೊನಾ ಹೊತ್ತು, ನಿಫ್ಟಿ ಸುಮಾರು ಶೇ 13 ಬಿದ್ದ ದಿನ. 2024ರ ಜೂನ್ 3 ಮತ್ತು 4. ಎಕ್ಸಿಟ್ ಪೋಲ್ ನಂಬಿ ಮೊದಲ ದಿನ ಪೇಟೆ ಶೇ 3ಕ್ಕೂ ಹೆಚ್ಚು ಏರಿತು, ಮರುದಿನ ಮತ ಎಣಿಕೆಯಾಗುತ್ತಿದ್ದ ಹಾಗೆ ಸುಮಾರು ಶೇ 6 ಇಳಿಯಿತು. ಚಾರ್ಟಿನ ಬಲಭಾಗವನ್ನು ಕಾಗದದಿಂದ ಮುಚ್ಚುತ್ತೇನೆ. ಒಂದೊಂದೇ ಕ್ಯಾಂಡಲ್ (ಒಂದು ಅವಧಿಯ ಬೆಲೆ ತೋರಿಸುವ ಕಡ್ಡಿ) ಬಿಚ್ಚುತ್ತಾ 'ಈಗ ಏನು ಮಾಡುತ್ತೀರಿ, ಬರೆಯಿರಿ' ಅನ್ನುತ್ತೇನೆ. ಇಪ್ಪತ್ತು ಜನರಲ್ಲಿ ಹದಿನಾರು ಜನ ತಪ್ಪು ಬರೆಯುತ್ತಾರೆ. ಲೈವ್ ಚಾರ್ಟಿಗಿಂತ ಇದರಲ್ಲಿ ಕಲಿಯುವುದು ಜಾಸ್ತಿ, ದುಡ್ಡೂ ಹೋಗುವುದಿಲ್ಲ.

ಈ ಕೆಲಸಕ್ಕೆ ಏನು ಓದಬೇಕು?

ಬರೀ ಪಾಠ ಹೇಳಲು ಇಂಥದ್ದೇ ಡಿಗ್ರಿ ಬೇಕು ಅಂತಿಲ್ಲ, ಅದೇ ತೊಂದರೆ. ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಆದರೂ ಸೆಬಿ ಕಟ್ಟಿದ ಎನ್‌ಐಎಸ್‌ಎಂ ಸಂಸ್ಥೆಯ ಪರೀಕ್ಷೆಗಳನ್ನು ಬರೆಯಿರಿ. ಷೇರು ಡೆರಿವೇಟಿವ್ಸ್‌ಗೆ (ಫ್ಯೂಚರ್ಸ್, ಆಪ್ಷನ್) ಸರಣಿ 8, ಮ್ಯೂಚುವಲ್ ಫಂಡ್ ವಿತರಕರಾಗಲು 5ಎ, ಸಂಶೋಧನಾ ವಿಶ್ಲೇಷಕರಾಗಲು 15, ಹೂಡಿಕೆ ಸಲಹೆಗಾರರಿಗೆ 10ಎ ಮತ್ತು 10ಬಿ. ಪ್ರಮಾಣಪತ್ರ ಸಾಮಾನ್ಯವಾಗಿ ಮೂರು ವರ್ಷ ನಡೆಯುತ್ತದೆ, ಆಮೇಲೆ ನವೀಕರಿಸಬೇಕು. ಪುಸ್ತಕಗಳು ಒಣಕಲು, ಆದರೆ ಸುಳ್ಳಿಲ್ಲ.

ಮೊದಲು ಎರಡು ಮೂರು ವರ್ಷ ಬ್ರೋಕರ್ ಕಚೇರಿಯಲ್ಲೋ ಆಡಿಟರ್ ಬಳಿಯೋ ಕೆಲಸ ಮಾಡಿ. ಸಂಬಳ ಕಡಿಮೆ ಇರುತ್ತದೆ. ಬೇರೆಯವರ ದುಡ್ಡು ಹೇಗೆ ಹೋಗುತ್ತದೆ ಅಂತ ನೋಡಲು ಅಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ಬೆಂಗಳೂರಿಗೆ ಹೋಗಲೇಬೇಕಾ?

ಟ್ರೇಡಿಂಗ್‌ಗೆ ಬೇಡ. ಕೆಲಸ ಕಲಿಯಲು ಒಂದಷ್ಟು ವರ್ಷ ಹೋದರೆ ಒಳ್ಳೆಯದು.

ಕಾಫಿ ಬೆಳೆಗಾರರಿಗೆ ನಿಮ್ಮ ತರಗತಿಯಿಂದ ಏನು ಉಪಯೋಗ?

ನಾವು ಬೆಳೆಗಾರರು ಹುಟ್ಟಿದಾಗಿನಿಂದಲೇ ಜಾಗತಿಕ ಪೇಟೆಯಲ್ಲಿ ಇದ್ದೇವೆ, ಹಾಗಂತ ಯಾರೂ ನಮಗೆ ಹೇಳಲಿಲ್ಲ ಅಷ್ಟೆ. ಅಜ್ಜನ ಕಾಲದಲ್ಲಿ ಎಲ್ಲಾ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟು ಸೇರಿಸಿ ಮಾರುವ ವ್ಯವಸ್ಥೆಗೆ, ಹೋಗುತ್ತಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು. 1990ರ ದಶಕದಲ್ಲಿ ಆ ಪದ್ಧತಿ ಹಂತ ಹಂತವಾಗಿ ಹೋಯಿತು, 1996ರ ಹೊತ್ತಿಗೆ ಪೂರ್ತಿ ಮುಕ್ತವಾಯಿತು. ಅಲ್ಲಿಂದ ದರದ ಏರಿಳಿತ ನಮ್ಮ ತಲೆಯ ಮೇಲೇ. 2000ದ ದಶಕದ ಮೊದಲ ವರ್ಷಗಳಲ್ಲಿ ವಿಯೆಟ್ನಾಂ ಕಾಫಿ ಸುರಿದು ದರ ಬಿದ್ದಾಗ ಎಷ್ಟು ತೋಟ ಕೈ ಬದಲಾಯಿತು, ನೆನಪಿದೆಯಲ್ಲ?

ರೋಬಸ್ಟಾ ದರ ಗೊತ್ತಾಗುವುದು ಲಂಡನ್ನಿನ ಪೇಟೆಯಲ್ಲಿ, ಟನ್ನಿಗೆ ಇಷ್ಟು ಡಾಲರ್ ಅಂತ. ಅರೇಬಿಕಾ ನ್ಯೂಯಾರ್ಕಿನಲ್ಲಿ, ಒಂದು ಪೌಂಡಿಗೆ ಇಷ್ಟು ಸೆಂಟ್ ಅಂತ. ಅದನ್ನು ನಮ್ಮ ಚೀಲಕ್ಕೆ ಇಳಿಸುವುದನ್ನು ಹೇಳಿಕೊಡುತ್ತೇನೆ. ಲಂಡನ್ 4,000 ಡಾಲರ್, ಡಾಲರ್‌ಗೆ 85 ರೂಪಾಯಿ ಅಂತ ಇಟ್ಟುಕೊಳ್ಳಿ. ಟನ್ನಿಗೆ 3,40,000, ಕೆ.ಜಿ.ಗೆ 340. ಇದು ಸಿಪ್ಪೆ ತೆಗೆದ ಬೀಜದ ದರ. ನಿಮ್ಮ 50 ಕೆ.ಜಿ. ಚೆರಿ ಚೀಲಕ್ಕೆ ಓಟಿ 26 ಬಂದರೆ ಬೀಜ 26 ಕೆ.ಜಿ., ಅಂದರೆ 8,840 ರೂಪಾಯಿ. ಓಟಿ 28 ಬಂದರೆ 9,520. ಇದರಲ್ಲಿ ಸಂಸ್ಕರಣೆ, ಸಾಗಣೆ, ವ್ಯಾಪಾರಿಯ ಪಾಲು ಕಳೆಯಬೇಕು, ಗುಣಮಟ್ಟಕ್ಕೆ ಸಿಗುವ ಪ್ರೀಮಿಯಂ ಇದ್ದರೆ ಸೇರಿಸಬೇಕು. ಈ ಲೆಕ್ಕ ಗೊತ್ತಿದ್ದವರು ಕಣದಲ್ಲಿ ನಿಂತು ಚೌಕಾಸಿ ಮಾಡುವ ರೀತಿಯೇ ಬೇರೆ. ಎರಡು ಓಟಿಗೆ ಚೀಲಕ್ಕೆ 680 ರೂಪಾಯಿ ವ್ಯತ್ಯಾಸ ಅಂತ ಕಂಡ ಮೇಲೆ ಒಬ್ಬರು ಅಕ್ಕ ಸ್ಯಾಂಪಲ್ ಸಿಪ್ಪೆ ತೆಗೆಯುವಾಗ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಲು ಶುರು ಮಾಡಿದರು.

'ಹಾಗಾದರೆ ನಾವೇ ಲಂಡನ್ನಿನಲ್ಲಿ ಫ್ಯೂಚರ್ಸ್ ಮಾಡಬಹುದಲ್ಲ?' ಅಂತ ಕೇಳುತ್ತಾರೆ. ಆಗುವುದಿಲ್ಲ. ನಾವು ವಿದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕ್ ಯೋಜನೆಯಲ್ಲಿ ಅಲ್ಲಿನ ಎಕ್ಸ್‌ಚೇಂಜ್‌ಗೆ ಮಾರ್ಜಿನ್ ಕಟ್ಟಲು ಅವಕಾಶ ಇಲ್ಲ. ನಮ್ಮ ಕೈಯಲ್ಲಿ ಇರುವುದು ಒಟ್ಟಿಗೆ ಮಾರದೆ ಮೂರು ನಾಲ್ಕು ಸಲ ಮಾರುವುದು. ಹಳೆಯ ಉಪಾಯವೇ, ಕೆಲಸ ಮಾಡುತ್ತದೆ. 2024 ಮತ್ತು 2025ರಲ್ಲಿ ದರ ದಾಖಲೆ ಮುಟ್ಟಿದಾಗ ನಾನೂ ಹೀಗೇ ಮಾರಿದೆ. ಮೊದಲ ಕಂತು ಬೇಗ ಮಾರಿದೆ ಅಂತ ಮನೆಯಲ್ಲಿ ಇನ್ನೂ ಬೈಗುಳ ತಿನ್ನುತ್ತಿದ್ದೇನೆ.

ನಿವೃತ್ತ ಸೈನಿಕರಿಗೆ ಬೇರೆ ತರಗತಿ ಯಾಕೆ?

ಕೊಡಗಿನಲ್ಲಿ ಸೈನ್ಯದಿಂದ ಬಂದವರು ಇಲ್ಲದ ಮನೆ ಅಪರೂಪ. ನಿವೃತ್ತಿಯ ದಿನ ಕೈಗೆ ದೊಡ್ಡ ಮೊತ್ತ ಬರುತ್ತದೆ. ಅದರ ವಾಸನೆ ಹಿಡಿದು ಬರುವವರೂ ಇದ್ದಾರೆ.

ಒಬ್ಬರು ಸುಬೇದಾರ್ ಸಾಹೇಬರು ಒಂದು ಸಂಜೆ ಬಂದು ಫೋನ್ ನನ್ನ ಮೇಜಿನ ಮೇಲೆ ಇಟ್ಟರು. ಒಂದು ಆ್ಯಪ್. ಅದರಲ್ಲಿ ಅವರ ಹೆಸರು, ಹಸಿರು ಬಣ್ಣದಲ್ಲಿ 18 ಲಕ್ಷ ಲಾಭ. 'ಹಣ ವಾಪಸ್ ತೆಗೆಯಬೇಕಾದರೆ ಮೊದಲು ತೆರಿಗೆ ಅಂತ 2 ಲಕ್ಷ ಕಟ್ಟಬೇಕಂತೆ. ಕಟ್ಟಲಾ?' ಅಂದರು. ಅವರನ್ನು ವಾಟ್ಸ್ಆ್ಯಪ್ ಗುಂಪಿಗೆ ಯಾರೋ ಸೇರಿಸಿದ್ದರು. ಗುಂಪಿನಲ್ಲಿ ನೂರು ಜನ, ಎಲ್ಲರೂ ದಿನಾ ಲಾಭ ಬಂತು ಅಂತ ಹಾಕುವವರು. ಸಾಹೇಬರು ಒಬ್ಬರನ್ನು ಬಿಟ್ಟರೆ ಉಳಿದವರೆಲ್ಲ ಮೋಸಗಾರರೇ ಇರಬೇಕು. ಆ ಆ್ಯಪ್ ಯಾವ ಪೇಟೆಗೂ ಸೇರಿದ್ದಲ್ಲ, ಅಂಕಿಗಳು ಬರೀ ಬಣ್ಣದ ಚಿತ್ರ. ಅಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ಅವರು ಕಟ್ಟಿದ್ದ ದುಡ್ಡಿನಲ್ಲಿ ಕೊನೆಯ ಕಂತು ಮಾತ್ರ ಬ್ಯಾಂಕಿನಲ್ಲಿ ತಡೆಯಾಯಿತು. ಆ 2 ಲಕ್ಷ ಕಟ್ಟಲಿಲ್ಲ ಅನ್ನುವುದೇ ಸಮಾಧಾನ.

ಆ ತರಗತಿಗೆ ಫೀಸ್ ಇಲ್ಲ. ಎರಡೇ ದಿನ. ನಿಜವಾದ ಬ್ರೋಕರ್ ಯಾರು ಅಂತ ಸೆಬಿ ಜಾಲತಾಣದಲ್ಲಿ ಹುಡುಕುವುದು, ಖಾಸಗಿ ವ್ಯಕ್ತಿಯ ಖಾತೆಗೆ ದುಡ್ಡು ಹಾಕದೆ ಇರುವುದು, ಡಿಪಾಸಿಟರಿಯಿಂದ (ನಮ್ಮ ಷೇರುಗಳನ್ನು ಡಿಜಿಟಲ್ ಆಗಿ ಇಟ್ಟಿರುವ ಸಂಸ್ಥೆ) ಬರುವ ಸ್ಟೇಟ್‌ಮೆಂಟ್ ಓದುವುದು, ಮೋಸವಾದರೆ ತಡಮಾಡದೆ 1930. 'ಖಚಿತ ಲಾಭ' ಅನ್ನುವ ಮಾತು ಕಿವಿಗೆ ಬಿದ್ದ ಕೂಡಲೇ ಎದ್ದು ಬರುವುದನ್ನು ಅಭ್ಯಾಸ ಮಾಡಿಸುತ್ತೇನೆ. ನಿಜವಾಗಿ ಎಬ್ಬಿಸಿ ಬಾಗಿಲವರೆಗೆ ನಡೆಸುತ್ತೇನೆ. ಪರೇಡ್ ಮಾಡಿದವರಿಗೆ ಅದು ಬೇಗ ಹತ್ತುತ್ತದೆ.

ನಿಮ್ಮ ಲಾಭದ ಸ್ಕ್ರೀನ್‌ಶಾಟ್ ಯಾಕೆ ಹಾಕುವುದಿಲ್ಲ?

ಅದನ್ನು ಹತ್ತು ನಿಮಿಷದಲ್ಲಿ ಯಾರು ಬೇಕಾದರೂ ತಯಾರಿಸಬಹುದು. ನಿಜವಾದದ್ದೇ ಆದರೂ ಒಂದು ದಿನದ್ದು ಏನೂ ಹೇಳುವುದಿಲ್ಲ. ತರಗತಿಯ ಕೊನೆಯ ದಿನ ಡೈರಿ ತಂದು ಮೇಜಿನ ಮೇಲೆ ಇಡುತ್ತೇನೆ, ಷೇರುಗಳ ಹೆಸರು ಮುಚ್ಚಿ. ನಷ್ಟದ ವರ್ಷದ ಡೈರಿಯನ್ನೇ ಜನ ಜಾಸ್ತಿ ಹೊತ್ತು ತಿರುವಿ ಹಾಕುತ್ತಾರೆ.

ತೆರಿಗೆ ಹೇಗೆ? ತೋಟದ ಆದಾಯಕ್ಕೆ ತೆರಿಗೆ ಇಲ್ಲವಲ್ಲ?

ತೋಟದ ಲೆಕ್ಕ ಟ್ರೇಡಿಂಗ್‌ಗೆ ಅಂಟುವುದಿಲ್ಲ. ಇಂಟ್ರಾಡೇ ಲಾಭ ಸಟ್ಟಾ ವ್ಯವಹಾರದ ಆದಾಯ. ಅದರ ನಷ್ಟವನ್ನು ಅದೇ ಥರದ ಲಾಭದ ಎದುರು ಮಾತ್ರ ಕಳೆಯಬಹುದು, ನಾಲ್ಕು ವರ್ಷ ಮುಂದಕ್ಕೆ ಒಯ್ಯಬಹುದು. ಫ್ಯೂಚರ್ಸ್, ಆಪ್ಷನ್ ಸಾಮಾನ್ಯ ವ್ಯವಹಾರದ ಆದಾಯ, ಅದರ ನಷ್ಟಕ್ಕೆ ಎಂಟು ವರ್ಷ. ಷೇರು ಹಿಡಿದಿಟ್ಟು ಮಾರಿದ್ದಕ್ಕೆ 2024ರ ಜುಲೈ 23ರಿಂದ ಒಂದು ವರ್ಷದ ಒಳಗಾದರೆ ಶೇ 20. ಅದಕ್ಕೂ ಮೇಲಾದರೆ ವರ್ಷದ 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ ಶೇ 12.5. ನಷ್ಟ ಆಗಿದೆ, ರಿಟರ್ನ್ ಯಾಕೆ ಅಂತ ಸುಮ್ಮನಿದ್ದರೆ ಆ ನಷ್ಟ ಮುಂದಕ್ಕೆ ಹೋಗುವುದಿಲ್ಲ. ಕೊನೆ ದಿನಾಂಕದ ಒಳಗೆ ಹಾಕಿ.

ಪಾಠದ ಫೀಸ್ ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ದರ ಶೇ 18. ತೋಟಕ್ಕೂ ಪೂರ್ತಿ ವಿನಾಯಿತಿ ಅಂದುಕೊಳ್ಳಬೇಡಿ. ಬೆಳೆದ ಕಾಫಿಯನ್ನು ನೀವೇ ಕ್ಯೂರಿಂಗ್ ಮಾಡಿ (ಸಿಪ್ಪೆ ತೆಗೆದು ಬೀಜ ಹದಗೊಳಿಸಿ) ಮಾರಿದರೆ ಆ ಆದಾಯದ ಶೇ 25 ತೆರಿಗೆಗೆ ಬರುತ್ತದೆ. ಉಳಿದದ್ದನ್ನು ನಿಮ್ಮ ಆಡಿಟರ್ ಹತ್ತಿರ ಕೇಳಿ. ಆಡಿಟರ್ ಫೀಸ್ ಉಳಿಸಲು ಹೋಗಿ ನಾನು ಒಮ್ಮೆ ನೋಟಿಸ್ ತಿಂದಿದ್ದೇನೆ.

ತೋಟ ಅಡವಿಟ್ಟು ಟ್ರೇಡಿಂಗ್ ಶುರು ಮಾಡಬಹುದಾ?

ಬೇಡ.

ಚಿನ್ನದ ಸಾಲ?

ಅದೂ ಬೇಡ.

ಟ್ರೇಡರ್‌ಗೆ ಹೆಣ್ಣು ಕೊಡಬಹುದಾ?

ಇದನ್ನು ನಗುತ್ತಾ ಕೇಳುತ್ತಾರೆ, ಆದರೆ ಉತ್ತರಕ್ಕೆ ಕಾಯುತ್ತಾರೆ. ಹುಡುಗನ ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ ಕೇಳಿ. ಜಾತಕಕ್ಕಿಂತ ಮೊದಲು. ನನ್ನ ಮಾವ ಕೇಳಿರಲಿಲ್ಲ, ಅವರ ಪುಣ್ಯ ನನಗೆ ಆಗ ಸಂಬಳ ಇತ್ತು.

ಮುಂದಿನ ಬ್ಯಾಚ್ ಯಾವಾಗ? ಏನು ತರಬೇಕು?

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕೊಯ್ಲು, ಕಣ, ಹೂ ಮಳೆಯ ಚಿಂತೆ. ಯಾರೂ ಬರುವುದಿಲ್ಲ, ನಾನೂ ಇರುವುದಿಲ್ಲ. ಏಪ್ರಿಲ್ ಕೊನೆಗೆ ಒಂದು ಬ್ಯಾಚ್, ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಮೊದಲು ಇನ್ನೊಂದು. ಇಪ್ಪತ್ತು ಜನಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ, ಕೋಣೆಯಲ್ಲಿ ಇರುವುದೇ ಅಷ್ಟು ಕುರ್ಚಿ. ಗೆರೆ ಹಾಕಿದ ಒಂದು ನೋಟ್‌ಬುಕ್, ಪೆನ್ಸಿಲ್, ಸಾದಾ ಕ್ಯಾಲ್ಕುಲೇಟರ್ ತನ್ನಿ. ಬೆಳೆಗಾರರಾದರೆ ಹೋದ ವರ್ಷ ಕಾಫಿ ಮಾರಿದ ಚೀಟಿಗಳನ್ನೂ ತನ್ನಿ, ಓಟಿ ಬರೆದಿರುವಂಥದ್ದು. ಫೋನ್ ಬಾಗಿಲ ಬಳಿಯ ಬುಟ್ಟಿಗೆ ಹಾಕಿ ಒಳಗೆ ಬರಬೇಕು. ಮೆಟ್ಟಿಲು ಮಳೆಗೆ ಜಾರುತ್ತದೆ, ಕಂಬಿ ಹಿಡಿದು ಹತ್ತಿ.